ಹಿಟ್ಟಿನ ಡಬ್ಬಿ

ಬಂದೂಕು ಮನೆಗೆ ಬರುವ ಮೊದಲೇ ಅದಕ್ಕೊಂದು ಜಾಗ ಮಾಡುವ ಕೆಲಸ ಹೊಲಿಗೆಯಮ್ಮನ ತಲೆಗೆ ಬಿತ್ತು. ಆ ಮನೆಗೆ ಏನೇ ಬರಲಿ, ಜಾಗ ಮಾಡಬೇಕಾದವಳು ಅವಳೇ. ಸೊಸೆ ಬಂದಾಗ ಮಾಡಿದ್ದಳು. ಯಜಮಾನರು ಲಿಫ್ಟು ರಿಪೇರಿಯ ಕೆಲಸದಿಂದ ನಿವೃತ್ತರಾಗಿ ಹಗಲೆಲ್ಲ ಮನೆಯಲ್ಲೇ ಕೂರತೊಡಗಿದಾಗ ಅವರಿಗೂ ಮಾಡಿದ್ದಳು. ಈಗ ಬೀರುವಿನ ಕೆಳಗಿನ ಖಾನೆಯಿಂದ ಗಿರಾಕಿಗಳ ಪರದೆ, ಉದ್ದ ಕಡಿಮೆ ಮಾಡಬೇಕಾದ ಪ್ಯಾಂಟು, ಚೂರು ಬಟ್ಟೆಯ ಗಂಟು ಎಲ್ಲವನ್ನೂ ಎಳೆದು ಹೊಲಿಗೆ ಮಿಷನ್ನಿನ ಕೆಳಗೆ ತುರುಕಿ, ಸೊಂಟ ಹಿಡಿದುಕೊಂಡು ಎದ್ದಳು.

"ಇಷ್ಟು ಜಾಗ ಸಾಕೇನೋ?"

"ಓರೆಯಾಗಿ ಇಟ್ರೆ ಹಿಡಿಸುತ್ತೆ," ಎಂದ ಮಗ. ಅವನು ಟೇಪು ಹಿಡಿದು ಖಾನೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. "ಬೀಗ ಮಾತ್ರ ಗಟ್ಟಿ ಇರಬೇಕು. ಬೀಗದ ಕೈ ಯಾರ ಹತ್ರ ಇರುತ್ತೆ ಅಂತ ಕೇಳ್ತಾರಂತೆ. ಅಮ್ಮನ ಹತ್ರ ಅಂತ ಹೇಳ್ತೀನಿ."

"ಯಾರು ಕೇಳೋದು?"

"ಸರ್ಕಾರದೋರು. ತಪಾಸಣೆಗೆ ಬರೋರು."

ಬಂದೂಕು ಕೊಳ್ಳುವುದೆಂದರೆ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಂಡು ಬಂದಷ್ಟು ಸುಲಭವಲ್ಲ. ಬಂದೂಕಿನ ಅಂಗಡಿಯವನು ಸರ್ಕಾರಕ್ಕೆ ಅರ್ಜಿ ಕಳಿಸುತ್ತಾನೆ. ಸರ್ಕಾರ ಮೊದಲು ಪೊಲೀಸರ ಹತ್ತಿರ, ಕೋರ್ಟಿನ ಹತ್ತಿರ, ಆಸ್ಪತ್ರೆಯ ಹತ್ತಿರ ಈ ಮನುಷ್ಯ ಹೇಗೆ ಎಂದು ಕೇಳುತ್ತದೆ. ಅಲ್ಲೆಲ್ಲ ಸೈ ಅನ್ನಿಸಿಕೊಂಡ ಮೇಲೆ ಒಬ್ಬರು ಮನೆಗೇ ಬರುತ್ತಾರೆ. ಮನೆಯ ದೊಡ್ಡವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು, ಬಾಗಿಲು ಹಾಕಿಕೊಂಡು ಮಾತಾಡಿಸುತ್ತಾರೆ. ಯಾರು ಏನಂದರು ಎಂಬುದು ಅವರ ಹೊಟ್ಟೆಯಲ್ಲೇ ಇರುತ್ತದೆ, ಹೊರಗೆ ಬರುವುದಿಲ್ಲ. ಕೊನೆಗೆ ಅಂಗಡಿಯವನಿಗೆ ಹೋಗುವುದು ಒಂದೇ ಮಾತು: ಕೊಡಬಹುದು, ಇಲ್ಲವೇ ಕೊಡಬಾರದು.

ಮಗನಿಗೆ ಬಂದೂಕಿನ ಹುಚ್ಚೇನೂ ಇರಲಿಲ್ಲ, ಅವನ ಮೇಲೆ ಇಲ್ಲದ್ದನ್ನು ಹೇಳಬಾರದು. ಗೋದಾಮಿನ ಗೇಟಿನಲ್ಲಿ ಲಾಠಿ ಹಿಡಿದು ನಿಂತೂ ನಿಂತೂ ಅವನ ಮೀನಖಂಡದ ನರಗಳು ಗಂಟುಗಟ್ಟಿದ್ದವು. ಬಂದ ಲಾರಿಯ ಡ್ರೈವರುಗಳೆಲ್ಲ ಅವನನ್ನು ಲೇ ಎಂದೇ ಕರೆಯುತ್ತಿದ್ದರು. ಬ್ಯಾಂಕುಗಳ ಹಣ ಸಾಗಿಸುವ ವ್ಯಾನಿನಲ್ಲಿ ಕಾವಲಿನ ಕೆಲಸ ಖಾಲಿ ಇದೆ, ಸ್ವಂತ ಬಂದೂಕು ಇದ್ದವರಿಗೆ ಮಾತ್ರ ಎಂದು ಯಾರೋ ಹೇಳಿದ್ದರು. ಸಂಬಳವೂ ಹೆಚ್ಚು. ಆದರೆ ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದುದು ಸಂಬಳದ ಮಾತನ್ನಲ್ಲ.

"ಕೂತು ಮಾಡೋ ಕೆಲಸ ಅಮ್ಮ. ಸೀಟಿರುತ್ತೆ."

"ನೋಡಪ್ಪ, ಜೀವಮಾನವೆಲ್ಲ ಜನರನ್ನ ಮೇಲೆತ್ತಿ ಮೇಲೆತ್ತಿ ನಾನು ಮಾತ್ರ ನೆಲ ಮಹಡಿಯಲ್ಲೇ ಉಳಿದೆ," ಎಂದರು ಯಜಮಾನರು, ಬೇಳೆಯನ್ನು ಅನ್ನಕ್ಕೆ ಕಲೆಸಿಕೊಳ್ಳುತ್ತ. "ನೀನಾದ್ರೂ ಕೂತ್ಕೋ."

ಮಗ ನಕ್ಕ. ಆಮೇಲೆ ತಟ್ಟೆಯಲ್ಲಿ ಬೆರಳಾಡಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದ: "ತಪಾಸಣೆಗೆ ಬಂದಾಗ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಇಲ್ಲದ್ದು ಸಲ್ಲದ್ದು ಎಳೆದು ತರಬೇಡಿ."

ಸೊಸೆ ಎದ್ದು ನೀರು ತರಲು ಹೋದಳು. ಅವಳು ಚೊಂಬನ್ನು ಎಡಗೈಯಲ್ಲೇ ಎತ್ತುವುದು, ಬಲಗೈ ಬರೀ ಆಸರೆಗೆ.

ಇಲ್ಲದ್ದು ಸಲ್ಲದ್ದು ಎಂದರೆ ಯಾವುದು ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಡುತ್ತಿರಲಿಲ್ಲ. ನಾವು ಹೇಳಿಬಿಡೋಣ. ಸೊಸೆಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ. ಹೋದ ವರ್ಷಕ್ಕೂ ಹಿಂದಿನ ವರ್ಷ, ಪಾಳಿ ಮುಗಿಸಿ ತಡವಾಗಿ ಬಂದ ಒಂದು ದಿನ ಮಾತಿಗೆ ಮಾತು ಬೆಳೆಯಿತು. ಮಗ ಅವಳ ಕೈಯಲ್ಲಿದ್ದ ಫೋನು ಕಿತ್ತುಕೊಳ್ಳಲು ಹೋದ, ಅವಳು ಬಿಡಲಿಲ್ಲ, ಅವನು ಮಣಿಕಟ್ಟನ್ನು ತಿರುಚಿದ. ಲಟಕ್ ಎಂದದ್ದು ಹೊಲಿಗೆ ಮಿಷನ್ನಿನ ಸದ್ದಿನ ನಡುವೆಯೂ ಹೊಲಿಗೆಯಮ್ಮನಿಗೆ ಕೇಳಿಸಿತು. ಅವಳು ಓಡಿ ಬರುವಷ್ಟರಲ್ಲಿ ಮಗ ಅಡುಗೆಮನೆಗೆ ನಡೆದಿದ್ದ. ಕಟ್ಟೆಯ ಮೇಲಿದ್ದ ಚಾಕುವಿನ ಹಿಡಿಯ ಮೇಲೆ ಕೈ ಇಟ್ಟುಕೊಂಡು ಗೋಡೆ ನೋಡುತ್ತ ನಿಂತಿದ್ದ. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ತೆಗೆದು, ನೀರು ಕುಡಿದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅದನ್ನು ಕಂಡವಳು ತಾಯಿ ಒಬ್ಬಳೇ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯ್ತು ಎಂದು ಕೇಳಿದಾಗ ಸೊಸೆ ಬಾಯಿ ತೆರೆಯುವ ಮೊದಲೇ ಹೊಲಿಗೆಯಮ್ಮ, "ಬಚ್ಚಲಲ್ಲಿ ಜಾರಿದಳು," ಎಂದಿದ್ದಳು. ಸೊಸೆ ಅತ್ತೆಯ ಮುಖವನ್ನೊಮ್ಮೆ ನೋಡಿ ಹೌದೆಂದು ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಮಗ ಅತ್ತ, ಕೈ ಮುಗಿದ, ಇನ್ನೆಂದೂ ಇಲ್ಲ ಎಂದ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ," ಎಂದು ಯಜಮಾನರು ಗಾದೆ ಹೇಳಿ ಮುಗಿಸಿದರು. ಎಲ್ಲರೂ ಉಂಡರು, ಮಲಗಿದರು. ಮೂಳೆ ಮಾತ್ರ ನೆಟ್ಟಗೆ ಕೂಡಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂಬ ಇನ್ನೊಂದು ಗಾದೆಯೂ ಇದೆ, ಅದನ್ನು ಯಾರೂ ಹೇಳಲಿಲ್ಲ. ಅವತ್ತಿನಿಂದ ಸೊಸೆಗೆ ತಿರುಗಿಸುವ ಮುಚ್ಚಳ ತೆಗೆಯಲಾಗದು. ಎಣ್ಣೆ ಬಾಟಲಿ, ಸಕ್ಕರೆ ಡಬ್ಬಿ, ಯಾವುದೇ ಇರಲಿ, ಹತ್ತಿರ ಇದ್ದವರು ಮಾತಿಲ್ಲದೆ ತೆಗೆದುಕೊಟ್ಟು ಹೋಗುತ್ತಾರೆ.

ಮಗ ಕೊಟ್ಟ ಮಾತಿನಂತೆ ಮತ್ತೆ ಅವಳನ್ನು ಮುಟ್ಟಲಿಲ್ಲ. ಆದರೆ ಬಾಗಿಲು ಒದ್ದದ್ದಿದೆ, ತಟ್ಟೆ ಎಸೆದದ್ದಿದೆ. ಹೊಲಿಗೆಯಮ್ಮ ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಳು. ಸಂಜೆ ಅವನು ಬರುವ ಹೊತ್ತಿಗೆ ಹೆಚ್ಚುವ ಕೆಲಸವೆಲ್ಲ ಮುಗಿದಿರಬೇಕು. ಚಾಕು ತೊಳೆದು, ಒರೆಸಿ, ದೊಡ್ಡ ಹಿಟ್ಟಿನ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಇಳಿಬಿಟ್ಟು ತಳದಲ್ಲಿ ಹುಗಿದು ಮುಚ್ಚಳ ತಿರುಗಿಸುವುದು. ಬೆಳಗ್ಗೆ ಅವನು ಗೋದಾಮಿಗೆ ಹೋದ ಮೇಲೆ ತೆಗೆಯುವುದು. ವಾರದ ರಜೆಯ ದಿನ ಅವನು ಹಾಸಿಗೆ ಬಿಟ್ಟೇಳುವ ಮೊದಲೇ ದಿನಕ್ಕಾಗುವಷ್ಟು ತರಕಾರಿ ಹೆಚ್ಚಿ ಮುಗಿಸುವುದು. ಸೊಸೆಗೆ ಇದು ಗೊತ್ತಿತ್ತು. ಅತ್ತೆ ಸೊಸೆ ಅದರ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ.

ತಪಾಸಣೆಯ ಹೆಂಗಸು ಬಂದದ್ದು ಅಂಥ ಒಂದು ರಜೆಯ ದಿನ. ಬಸ್ಸು ಬದಲಿಸಿ ಬದಲಿಸಿ ಬಂದಿದ್ದಳು ಪಾಪ, ಹಿಮ್ಮಡಿ ಚಪ್ಪಲಿ ಕಡಿದು ಕೆಂಪಾಗಿತ್ತು. ಮೊದಲು ಬೀರು ನೋಡಿದಳು, ಬೀಗ ಎಳೆದು ನೋಡಿದಳು. ಆಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದಳು. ಯಜಮಾನರು ಹೋಗಿ, ನನ್ನ ಮಗ ಅಪ್ಪಟ ಚಿನ್ನ ಎಂದು ಹೇಳಿ ಬಂದರು. ಸೊಸೆ ಹೋದಳು, ಬೇಗನೆ ಬಂದಳು. ಕೊನೆಗೆ ಹೊಲಿಗೆಯಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಬೀಗದ ಕೈ ನಿಮ್ಮ ಹತ್ರಾನೇ ಇರುತ್ತಾಮ್ಮ?"

"ನನ್ನ ಹತ್ರಾನೇ ಮೇಡಂ. ಸೊಂಟಕ್ಕೆ ಸಿಕ್ಕಿಸ್ಕೊಂಡ್ರೆ ಮುಗೀತು."

"ಮಗನಿಗೆ ಸಿಟ್ಟು ಹೇಗೆ?"

"ಯಾರಿಗಿರಲ್ಲ ಮೇಡಂ ಸಿಟ್ಟು. ಬರುತ್ತೆ, ಹೋಗುತ್ತೆ." ಈ ಪ್ರಶ್ನೆಗೆ ಅವಳು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು, ಒಂದು ಮಾತೂ ತಪ್ಪಲಿಲ್ಲ. ಎದೆ ಸ್ವಲ್ಪ ಹಗುರಾಯಿತು. ಹಗುರಾದ ಕೂಡಲೇ ಎದುರಿಗೆ ಕೂತವಳ ಬಾಡಿದ ಮುಖ ಕಣ್ಣಿಗೆ ಬಿತ್ತು. "ಬೆಳಗ್ಗೆಯಿಂದ ಏನೂ ತಿಂದಿಲ್ಲ ಅನ್ಸುತ್ತೆ ನೀವು. ಒಂದು ಸೇಬು ಹೆಚ್ಚಿಕೊಡ್ತೀನಿ."

"ಬೇಡಮ್ಮ. ನಾವು ಯಾರ ಮನೇಲೂ ತಿನ್ನೋ ಹಾಗಿಲ್ಲ."

"ಹಣ್ಣಿಗೇನು ಬಂತು. ಮರದ್ದು, ನಮ್ದಲ್ಲ."

ಹೇಳುತ್ತ ಹೇಳುತ್ತಲೇ ಅವಳು ಡಬ್ಬಿಯ ಮುಚ್ಚಳ ತಿರುಗಿಸಿ, ತೋಳು ಮೇಲೇರಿಸಿ, ಹಿಟ್ಟಿನೊಳಗೆ ಮೊಣಕೈವರೆಗೆ ಕೈ ಇಳಿಸಿ ಚಾಕು ಎಳೆದಿದ್ದಳು. ಬಟ್ಟೆಯಿಂದ ಒರೆಸಿದಳು. ಸೇಬನ್ನು ಎರಡು ಹೋಳು ಮಾಡಿದ ಮೇಲೇ ತಾನು ಏನು ಮಾಡಿದೆ ಎಂಬುದು ಅವಳಿಗೆ ಹೊಳೆದದ್ದು. ತಲೆಯೆತ್ತಿದರೆ ತಪಾಸಣೆಯ ಹೆಂಗಸು ಡಬ್ಬಿಯನ್ನೇ ನೋಡುತ್ತಿದ್ದಳು.

"ಚಾಕು ಹಿಟ್ಟಿನಲ್ಲಿ ಇಡ್ತೀರಾ?"

"ತುಕ್ಕು ಹಿಡಿಯಲ್ಲ ಅಂತ," ಎಂದಳು ಹೊಲಿಗೆಯಮ್ಮ.

"ಹೌದಾ. ಕೇಳಿರಲಿಲ್ಲ."

ಅವಳು ಒಂದು ಹೋಳು ತಿಂದಳು. ಚೆನ್ನಾಗಿದೆ ಎಂದಳು. ಬಾಗಿಲ ಹತ್ತಿರ ಹೋದವಳು ತಿರುಗಿ ಕಟ್ಟೆಯ ಮೇಲೆ, ಗೋಡೆಯ ಮೇಲೆ ಕಣ್ಣಾಡಿಸಿದಳು. ಚಾಕು ನೇತುಹಾಕಲು ಹೊಡೆದಿದ್ದ ಮೊಳೆ ಅಲ್ಲೇ ಇತ್ತು, ಖಾಲಿಯಾಗಿ.

ಆಮೇಲಿನ ದಿನಗಳು ಮನೆಯಲ್ಲಿ ಹಬ್ಬದ ಹಾಗೆ ಹೋದವು. ಮಗ ದ್ರಾಕ್ಷಿ ತಂದ. ಹೆಂಡತಿಯ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿದ್ದನ್ನು ತಾನೇ ಒಯ್ದು ಹೊಲಿಸಿಕೊಂಡು ಬಂದ. ವ್ಯಾನಿನ ಕೆಲಸಕ್ಕೆ ಬೇಕಾದ ಅಂಗಿಯ ಬಟ್ಟೆ ಕೊಂಡುತಂದು ಅಮ್ಮನ ಮುಂದೆ ಹರಡಿದ. ಅವಳು ಅಳತೆ ತೆಗೆದಳು. ಅವನು ಎರಡೂ ಕೈ ಚಾಚಿ, ಚಿಕ್ಕವನಿದ್ದಾಗ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳಿಲ್ಲ. ಟೇಪನ್ನು ಅವನ ಎದೆಯ ಸುತ್ತ ತರುವಾಗ ಇವನಿಗೆ ಒಂದು ಸೀಟು ಸಿಗಲಿ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಹಿಟ್ಟಿನಿಂದ ಬಂದ ಚಾಕುವನ್ನು ಆ ಹೆಂಗಸು ಮರೆತಿರಲಿ ಎಂದೂ ಅನ್ನಿಸಿತು.

ಮರೆಯಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಿದ್ದಾಗ ಬಂದೂಕಿನ ಅಂಗಡಿಯವನ ಫೋನು ಬಂತು. ಮಗ ಎಂಜಲು ಕೈಯಲ್ಲೇ ಹೂಂ, ಹೂಂ ಎಂದು ಕೇಳಿಸಿಕೊಂಡು, ಫೋನು ಕೆಳಗಿಟ್ಟ.

"ಕೊಡಬಾರದು ಅಂದಿದ್ದಾರಂತೆ. ಮನೆ ವಿಚಾರಣೆಯಲ್ಲಿ ಏನೋ ಕಂಡಿದೆಯಂತೆ."

"ಏನು ಕಂಡಿದೆಯಂತೆ?" ಎಂದರು ಯಜಮಾನರು.

"ಅದನ್ನ ಹೇಳಲ್ಲ. ಇನ್ನೊಂದು ಸಲ ಬಂದು ನೋಡಿ ಅಂತ ಬೇಕಾದ್ರೆ ನಾವು ಕೇಳಬಹುದಂತೆ. ಅದೂ ಒಂದೇ ಸಲ." ಅವನು ತಟ್ಟೆಯನ್ನು ದೂರ ತಳ್ಳಿದ. "ಮನೆ ವಿಚಾರಣೆ ಅಂದ್ರೆ ನೀವು ಮೂರು ಜನ. ಅಮ್ಮ ಹೇಳಲ್ಲ. ಅಪ್ಪನಿಗೆ ಮನೇಲಿ ಏನು ನಡೆಯುತ್ತೆ ಅಂತಾನೇ ಗೊತ್ತಿರಲ್ಲ."

"ಅದೇನೋ ಹಾಗಂದ್ರೆ," ಎಂದರು ಯಜಮಾನರು.

"ಉಳಿದೋಳು ನೀನು."

"ನಾನೇನೂ ಹೇಳಿಲ್ಲ," ಎಂದಳು ಸೊಸೆ.

"ನಿನ್ನ ಬಿಟ್ಟು ಬೇರೆ ಯಾರಿಗಿತ್ತು ಹೇಳೋಕೆ?"

"ಅಂದ್ರೆ ಹೇಳೋಕೆ ಇತ್ತು ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು."

"ಮಾತು ತಿರುಗಿಸಬೇಡ."

"ನಾನು ಹೇಳಿದ್ರೆ ಹೌದು ಹೇಳಿದೆ ಅಂತಿದ್ದೆ. ಹೇಳಬೇಕಾದಾಗ ಹೇಳಲಿಲ್ಲ. ಹೇಳದೇ ಇದ್ದದ್ದಕ್ಕೆ ಈಗ ಹೇಳಿದೆ ಅಂತ ಬೈಸ್ಕೊಳ್ತಿದ್ದೀನಿ. ಚೆನ್ನಾಗಿದೆ ನನ್ನ ಬಾಳು."

ಮಗ ಎದ್ದು ಕೈ ತೊಳೆದು ಹೊರಗೆ ಹೋದ. ಬಾಗಿಲು ಗೋಡೆಗೆ ಬಡಿದು ವಾಪಸು ಬಂತು. ಅಲ್ಲಿಯವರೆಗೂ ಹೊಲಿಗೆಯಮ್ಮ ಬಾಯಿಗೆ ಬಂದ ಮಾತನ್ನು ತುತ್ತಿನ ಜೊತೆಗೇ ನುಂಗುತ್ತ ಕೂತಿದ್ದಳು. ಚಾಕು ಎಲ್ಲಿತ್ತು ಎಂದು ಹೇಳಿದರೆ ಯಾಕೆ ಅಲ್ಲಿತ್ತು ಎಂದೂ ಹೇಳಬೇಕು. ಅಮ್ಮ ಹೇಳಲ್ಲ ಎಂದು ಅವನು ಎಷ್ಟು ಸಲೀಸಾಗಿ ಅಂದುಬಿಟ್ಟ. ಆ ನಂಬಿಕೆ ಹೋದರೆ ಅವನ ಪಾಲಿಗೆ ಮನೆಯಲ್ಲಿ ಇನ್ನು ಯಾರು ಎಂದು ಅವಳಿಗೆ ಹೆದರಿಕೆಯಾಯಿತು. ಎರಡು ದಿನ ಹೋದರೆ ಎಲ್ಲ ತಣ್ಣಗಾಗುತ್ತದೆ ಎಂದುಕೊಂಡು ತಟ್ಟೆಗಳನ್ನು ಎತ್ತಿದಳು.

ತಣ್ಣಗಾಗಲಿಲ್ಲ. ಮಗ ಹೆಂಡತಿ ಬಡಿಸಿದ್ದನ್ನು ಉಣ್ಣುವುದು ಬಿಟ್ಟ. ತಾಯಿಯೇ ಬಡಿಸಬೇಕು. ಹೆಂಡತಿ ತುಂಬಿಸಿಟ್ಟ ಊಟದ ಡಬ್ಬಿಯನ್ನು ಕಟ್ಟೆಯ ಮೇಲೇ ಬಿಟ್ಟು ಹೋಗುತ್ತಿದ್ದ. ಅವಳು ಅದೇ ಡಬ್ಬಿಯನ್ನು ತನ್ನ ಕೌಂಟರಿಗೆ ಒಯ್ದು ತಿನ್ನುತ್ತಿದ್ದಳು. ಗೋದಾಮಿನಿಂದ ಬಂದವನು ಮೀನಖಂಡಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ, ಯಾರಿಗೂ ಅಲ್ಲದಂತೆ, "ನಿಂತ್ಕೊಂಡೇ ಸಾಯಿ ಅಂತ ಮನೆಯೋರೇ ಬರೆದುಬಿಟ್ರು," ಎನ್ನುತ್ತಿದ್ದ. ಅರ್ಧ ಹೊಲಿದ ಅಂಗಿ ಮಿಷನ್ನಿನ ಮೇಲೆ ಹಾಗೇ ಬಿದ್ದಿತ್ತು. ಹೊಲಿಗೆಯಮ್ಮನಿಗೆ ಅದನ್ನು ಮುಗಿಸಲೂ ಮನಸ್ಸಿಲ್ಲ, ಎತ್ತಿಡಲೂ ಮನಸ್ಸಿಲ್ಲ.

ಒಂದು ಬೆಳಗ್ಗೆ ಬೀನ್ಸಿನ ನಾರು ತೆಗೆಯುತ್ತ ಯಜಮಾನರು ಮೆಲ್ಲಗೆ ಕೇಳಿದರು. "ನೀನೇನಾದ್ರೂ ಅಂದೆಯೇನೇ ಆ ಮೇಡಂ ಹತ್ರ?"

"ನಾನು ಹಣ್ಣು ಹೆಚ್ಚಿಕೊಟ್ಟೆ ಅಷ್ಟೆ."

"ಹಣ್ಣು ಕೊಟ್ಟವರ ಮೇಲೆ ಅವರು ಯಾಕೆ ತಪ್ಪು ಹೊರಿಸ್ತಾರೆ." ಅವರು ಇನ್ನೊಂದು ಹಿಡಿ ಬೀನ್ಸು ಎಳೆದುಕೊಂಡರು. "ಹುಡುಗೀನೇ ಇರಬೇಕು. ಅವಳನ್ನ ತಪ್ಪು ಅನ್ನೋಕೂ ಆಗಲ್ಲ ಬಿಡು."

"ನಿಮಗೆ ಹಾಗನ್ನಿಸಿದ್ರೆ ಮಗನ ಮುಂದೆ ಒಂದು ಮಾತು ಆಡಬಾರದಾಗಿತ್ತಾ?"

"ಬೆಕ್ಕಿಗೆ ಗಂಟೆ ಕಟ್ಟೋ ವಯಸ್ಸಾ ನಂದು?" ಎಂದರು ಯಜಮಾನರು. ಅವಳಿಗೆ ನಗು ಬರಲಿಲ್ಲ.

ಎರಡನೆಯ ತಪಾಸಣೆಗೆ ಮಗ ಅರ್ಜಿ ಹಾಕಿಯೇ ಬಿಟ್ಟ. ದಿನ ಗೊತ್ತಾದ ಮೇಲೆ ಸೊಸೆ ಮಂಚದ ಕೆಳಗಿನಿಂದ ತನ್ನ ಬ್ಯಾಗು ಎಳೆದಳು. ಹೊಲಿಗೆಯಮ್ಮ ಇಸ್ತ್ರಿ ಮಾಡುತ್ತಿದ್ದವಳು ಪೆಟ್ಟಿಗೆ ನಿಲ್ಲಿಸಿ ನೋಡಿದಳು.

"ಎಲ್ಲಿಗಮ್ಮ?"

"ಅಕ್ಕನ ಮನೆಗೆ. ಅವರು ಬಂದು ಹೋಗಲಿ, ಆಮೇಲೆ ಹೊರಡ್ತೀನಿ." ಅವಳು ಬಟ್ಟೆಗಳನ್ನು ಎಡಗೈಯಲ್ಲೇ ಮಡಿಸಿ ಇಡುತ್ತಿದ್ದಳು. "ಈ ಸಲಾನೂ ಬೇಡ ಅಂದ್ರೆ ನನ್ನ ತಲೆ ಮೇಲೇ ಬರುತ್ತೆ. ಸರಿ ಅಂದ್ರೆ ಬಂದೂಕು ಬರುತ್ತೆ. ಯಾವುದಾದ್ರೂ ನಾನಿಲ್ಲಿ ಇರೋ ಹಾಗಿಲ್ಲ ಅತ್ತೆ."

"ಬೀಗದ ಕೈ ನನ್ನ ಹತ್ರ ಇರುತ್ತಲ್ಲೇ."

"ನೀವು ನಿದ್ದೆ ಮಾಡಲ್ವಾ?"

ಬ್ಯಾಗಿನ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಹೊಲಿಗೆಯಮ್ಮನೇ ಬಗ್ಗಿ ಎಳೆದುಕೊಟ್ಟಳು. ಹುಡುಗಿಯನ್ನು ಮಾಡದ ತಪ್ಪು ಹೊರಿಸಿ ಕಳಿಸುತ್ತಿದ್ದೇನೆ, ಜಿಪ್ಪನ್ನೂ ನಾನೇ ಎಳೆದುಕೊಡುತ್ತಿದ್ದೇನೆ ಎಂದು ತನ್ನ ಮೇಲೇ ಅಸಹ್ಯವಾಯಿತು. ಆದರೂ ಬಾಯಿ ಬರಲಿಲ್ಲ. ಎರಡು ವರ್ಷ ಮುಚ್ಚಿಟ್ಟ ಬಾಯಿ ಒಂದು ಜಿಪ್ಪಿಗೆ ತೆರೆದುಕೊಳ್ಳುವುದಿಲ್ಲ.

ಆ ದಿನ ಮಗ ಬೆಳಗ್ಗೆ ಬೇಗ ಎದ್ದ. ನೆಲ ಒರೆಸಿದ, ಪರದೆ ಬದಲಿಸಿದ, ಒದ್ದು ಬಿರುಕು ಬಿಟ್ಟಿದ್ದ ಬಾಗಿಲ ಮೂಲೆಗೆ ಕ್ಯಾಲೆಂಡರು ತೂಗುಹಾಕಿದ. ಆಮೇಲೆ ಅಡುಗೆಮನೆಗೆ ಬಂದ. ಹೊಲಿಗೆಯಮ್ಮ ಪಾತ್ರೆ ತೊಳೆಯುತ್ತಿದ್ದಳು. ಅವನು ನೇರ ಹಿಟ್ಟಿನ ಡಬ್ಬಿಯ ಹತ್ತಿರ ಹೋಗಿ ಮುಚ್ಚಳ ತಿರುಗಿಸಿದ. ತೋಳು ಮಡಿಸಿಕೊಂಡು ಕೈ ಇಳಿಸಿದ. ತಡಕಾಡಲಿಲ್ಲ, ಹುಡುಕಲಿಲ್ಲ. ಕೈ ಹೋದಷ್ಟೇ ನೆಟ್ಟಗೆ ಚಾಕು ಹಿಡಿದು ಮೇಲೆ ಬಂತು. ನಲ್ಲಿಯ ಕೆಳಗೆ ಅದನ್ನು ತೊಳೆದು, ಗೋಡೆಯ ಮೊಳೆಗೆ ನೇತುಹಾಕಿದ.

"ಇವತ್ತೊಂದಿನ ಇದು ಇಲ್ಲಿರ್ಲಿ. ನೋಡೋಕೆ ಸರಿಯಾಗಿರಬೇಕು."

ಅವಳ ಕೈಯಲ್ಲಿದ್ದ ಪಾತ್ರೆಯ ಮೇಲೆ ನೀರು ಸುರಿಯುತ್ತಲೇ ಇತ್ತು. "ನಿನಗೆ ಗೊತ್ತಿತ್ತಾ?"

"ಏನು?"

"ಅಲ್ಲಿದೆ ಅಂತ."

"ಮೊದಲಿಂದಲೂ." ಅವನು ಹಿಟ್ಟು ಮೆತ್ತಿದ ತೋಳನ್ನು ಒರೆಸಿಕೊಂಡ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಷ್ಟೇ ಇತ್ತು. "ಬೆಳಗ್ಗೆ ಇರೋ ಚಾಕು ಸಂಜೆ ಒಂದು ಟೊಮೆಟೊ ಹೆಚ್ಚೋಕೆ ಸಿಗಲ್ಲ. ನಾನೇನು ಕುರುಡನಾ ಅಮ್ಮ? ನೀನು ನೆಮ್ಮದಿಯಾಗಿ ಮಲಗ್ಲಿ ಅಂತ ಸುಮ್ಮನಿದ್ದೆ."

ಅವನು ಹೊರಗೆ ಹೋದ. ಹೊಲಿಗೆಯಮ್ಮ ನಲ್ಲಿ ನಿಲ್ಲಿಸಿ ಕಟ್ಟೆ ಹಿಡಿದುಕೊಂಡಳು. ಎರಡು ವರ್ಷ ಅವಳು ಚಾಕು ಬಚ್ಚಿಟ್ಟು ಈ ಮನೆಯನ್ನು ಕಾಯುತ್ತಿದ್ದೇನೆ ಎಂದುಕೊಂಡೇ ಮಲಗಿದ್ದಳು. ಕಾದದ್ದು ಏನು? ಬೇಕೆಂದ ದಿನ ಅವನು ಮುಚ್ಚಳ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ, ಅಷ್ಟೆ. ಅವನು ಒಳ್ಳೆಯವನು ಎಂದು ಇದಕ್ಕೆ ಅರ್ಥವೋ, ಇನ್ನೂ ಆ ದಿನ ಬಂದಿಲ್ಲ ಎಂದು ಅರ್ಥವೋ, ಹೆತ್ತ ಅವಳಿಗೇ ತಿಳಿಯಲಿಲ್ಲ. ಬೀರುವಿನ ಬೀಗದ ಕೈಯೂ ಇನ್ನೊಂದು ಡಬ್ಬಿ ಹಿಟ್ಟು ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು.

ತಪಾಸಣೆಗೆ ಅದೇ ಹೆಂಗಸು ಬಂದಳು. ಯಜಮಾನರದ್ದು ಮುಗಿಯಿತು, ಸೊಸೆಯದ್ದು ಮುಗಿಯಿತು. ಸೊಸೆ ಹೊರಗೆ ಬಂದು ತನ್ನ ಬ್ಯಾಗಿನ ಪಕ್ಕ ನಿಂತಳು. ಮಗ ಕುರ್ಚಿಯಲ್ಲಿ ಮೊಣಕಾಲಿನ ಮೇಲೆ ಕೈ ಊರಿ, ನೆಲ ನೋಡುತ್ತ ಕೂತಿದ್ದ. ಹೊಲಿಗೆಯಮ್ಮ ಅಡುಗೆಮನೆಗೆ ಹೋದಳು. ಬಾಗಿಲು ಹಾಕಲಿಲ್ಲ.

ಆ ಹೆಂಗಸಿನ ಕಣ್ಣು ಮೊಳೆಯ ಮೇಲಿತ್ತು. "ಚಾಕು ಈಗ ಇಲ್ಲಿದೆ."

"ಇವತ್ತು ಅಲ್ಲಿದೆ ಮೇಡಂ."

"ಬಾಗಿಲು ಹಾಕಿಕೊಳ್ಳಬಹುದಮ್ಮ. ನೀವು ಹೇಳಿದ್ದು ಯಾರಿಗೂ ಹೋಗಲ್ಲ."

"ಬೇಡ. ಹಾಕಿಕೊಂಡು ಮಾತಾಡಿದ್ದು ಸಾಕಾಗಿದೆ." ಅವಳು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. ಹೊರಗಿನವರಿಗೆ ಕೇಳಲಿ ಎಂದೇ ಹೇಳಿದಳು. "ಹೋದ ಸಲ ನನ್ನ ಸೊಸೆ ಏನೂ ಹೇಳಲಿಲ್ಲ. ನಿಮಗೆ ಗೊತ್ತು, ನನಗೂ ಗೊತ್ತು. 'ಬೇಡ' ಅಂತ ಬಂದಿದ್ದು ನನ್ನಿಂದ. ತುಕ್ಕು ಹಿಡಿಯಲ್ಲ ಅಂತ ಅಂದೆನಲ್ಲ, ಅದು ಸುಳ್ಳು. ಮಗನ ಕೈಗೆ ಸಿಗದೇ ಇರಲಿ ಅಂತ ನಾನು ಅದನ್ನ ಹಿಟ್ಟಿನಲ್ಲಿ ಹೂತಿಡ್ತೀನಿ."

ಹೊರಗೆ ಕುರ್ಚಿ ಕಿರ್ ಎಂದಿತು. ಯಜಮಾನರು, "ಏನೇ ಇದು," ಎಂದು ಅರ್ಧ ಎದ್ದು, ಮತ್ತೆ ಕೂತರು. ಶುರುವಾದ ಹೊಲಿಗೆಯನ್ನು ನಡುವೆ ಬಿಡುವ ಅಭ್ಯಾಸ ಹೊಲಿಗೆಯಮ್ಮನಿಗಿಲ್ಲ.

"ಇನ್ನೊಂದಿದೆ ಮೇಡಂ. ಇವಳ ಮಣಿಕಟ್ಟು ಬಚ್ಚಲಲ್ಲಿ ಜಾರಿ ಮುರಿದದ್ದಲ್ಲ. ನನ್ನ ಮಗ ತಿರುಚಿದ್ದು. ಜಾರಿದಳು ಅಂತ ಡಾಕ್ಟರ ಮುಂದೆ ಹೇಳಿದ್ದೂ ನಾನೇ. ಅವನು ಕೆಟ್ಟವನಲ್ಲ. ನಿಂತು ನಿಂತು ಅವನ ಕಾಲು ಹೋಗಿದೆ, ಆ ಕೆಲಸ ಸಿಕ್ಕಿದ್ರೆ ನನಗಿಂತ ಖುಷಿ ಯಾರಿಗೂ ಇಲ್ಲ. ಆದ್ರೆ ಬಂದೂಕು ಈ ಮನೆಗೆ ಬೇಡ. ನನ್ನ ಕೈಲಿ ಬೀಗ ಕಾಯೋಕಾಗಲ್ಲ."

ತಪಾಸಣೆಯ ಹೆಂಗಸು ಏನೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಎದ್ದು ನಿಂತು, "ಇವತ್ತು ಹಣ್ಣು ಬೇಡಮ್ಮ," ಎಂದು ಮೆಲ್ಲಗೆ ಹೇಳಿ, ಹೊರಗಿನ ಕೋಣೆ ದಾಟುವಾಗ ಸೊಸೆಯ ಹತ್ತಿರ ಒಂದು ಕ್ಷಣ ನಿಂತು, ಸಹಾಯ ಬೇಕಾದರೆ ಕರೆಯಲು ಒಂದು ಫೋನ್ ನಂಬರ್ ಬರೆದ ಚೀಟಿ ಅವಳ ಎಡಗೈಗೆ ಕೊಟ್ಟು ಹೋದಳು.

ಹೊಲಿಗೆಯಮ್ಮ ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು. ಏನಾದರೂ ಆಗಲಿ, ಹೊತ್ತಿಗೆ ಅನ್ನವಾಗಬೇಕಲ್ಲ. ಬೆನ್ನ ಹಿಂದೆ ಹೆಜ್ಜೆ ಕೇಳಿಸಿತು. ಅವಳು ತಿರುಗಲಿಲ್ಲ. ಮೊಳೆಯಿಂದ ಚಾಕು ತೆಗೆದ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಆ ಸದ್ದು ಕೇಳಿಸಿತು. ಸೊಸೆ ಬಾಗಿಲಿಗೆ ಬಂದು ನಿಂತಳು. ಯಜಮಾನರು ಅವಳ ಹಿಂದೆ ಬಂದರು. ಅಷ್ಟು ಬೇಗ ಅವರು ಏಳುವುದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಮಗ ಚಾಕು ಹಿಡಿದು ನಿಂತಿದ್ದ. ಎಲ್ಲರೂ ತನ್ನ ಕೈಯನ್ನೇ ನೋಡುತ್ತಿದ್ದಾರೆ ಎಂದು ಅವನಿಗೆ ಗೊತ್ತಾದದ್ದು ಆಗಲೇ ಇರಬೇಕು. ಅವನ ಮುಖ ಅಳುವ ಹಾಗಾಯಿತು, ಅಳಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಮೊಣಕೈವರೆಗೆ ಕೈ ಇಳಿಸಿ, ಚಾಕುವನ್ನು ತಳದಲ್ಲಿ ಹುಗಿದ.

"ಇಲ್ಲೇ ಇರ್ಲಿ ಅಮ್ಮ," ಎಂದ. "ಇನ್ನೂ ಸ್ವಲ್ಪ ದಿನ."

ಮುಚ್ಚಳ ಇಟ್ಟು ತಿರುಗಿಸತೊಡಗಿದ. ಬಿಗಿಯಾದ ಮೇಲೂ ಇನ್ನಷ್ಟು ತಿರುಗಿಸಿದ.

"ಅಷ್ಟು ಗಟ್ಟಿ ಹಾಕಬೇಡಿ," ಎಂದಳು ಸೊಸೆ ಬಾಗಿಲಿನಿಂದ. "ನನಗೆ ತೆಗೆಯೋಕಾಗಲ್ಲ."

ತನ್ನ ಕೈಯ ಮಾತನ್ನು ಅವನ ಮುಂದೆ ಅವಳೇ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅವನು ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಗೋಡೆ ನೋಡುತ್ತ ನಿಂತ. ಒಲೆಯ ಮೇಲೆ ಅನ್ನ ಉಕ್ಕಿ ಗಂಜಿ ಸುರಿಯಿತು, ಯಾರೂ ಇಳಿಸಲು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಮುಚ್ಚಳವನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದ.